ಅಕ್ಕನ ಹಾಲಿನ ಕಹಿ

ಕಹಿಯೆಲ್ಲ ಒಂದೇ ಎಂದು ತಿಳಿದವರು ಸುಖಿಗಳು. ಹಾಗಲಕಾಯಿಯ ಕಹಿ ಬಾಯಿಗೆ ಬಂದು ಜಗಳವಾಡಿ ಹೋಗಿಬಿಡುತ್ತದೆ. ಬೇವಿನದನ್ನು ಯುಗಾದಿಯ ದಿನ ಬೆಲ್ಲದ ಜೊತೆ ನುಂಗಿ ಮರೆಯಬಹುದು. ಸರ್ಪಗಂಧಿಯ ಬೇರು ಹಾಗಲ್ಲ. ಬಾಯಿಗಿಟ್ಟಾಗ ಒಣ ಮಣ್ಣಿನ ರುಚಿ, ಬೇರೇನೂ ಇಲ್ಲ. ಆಮೇಲೆ ನಾಲಿಗೆಯ ಹಿಂಬದಿಯಲ್ಲಿ ಬಂದು ಕೂತುಕೊಳ್ಳುತ್ತದೆ. ಊಟ ಮಾಡಿದರೂ, ಎಲೆಅಡಿಕೆ ಹಾಕಿದರೂ ಏಳುವುದಿಲ್ಲ. ಆ ಕಹಿಯ ಗುರುತು ನನಗೆ ಅಷ್ಟು ಚೆನ್ನಾಗಿ ಆಗಿರದೇ ಇದ್ದಿದ್ದರೆ ನನ್ನ ಅಕ್ಕ ಸಾಯುವ ತನಕ ಆ ಹಾಲು ಕುಡಿಯುತ್ತಿದ್ದಳು ಎಂದು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ.

ಅವು ಯುದ್ಧದ ವರ್ಷಗಳು. ಶಿವಮೊಗ್ಗದ ಒಂದು ಕಾಲೇಜಿನಲ್ಲಿ ನಾನು ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಹುಡುಗರಿಗೆ ಗಾಜಿನ ನಳಿಗೆ ಹಿಡಿಯುವುದನ್ನು ಕಲಿಸುವುದು, ಅವರು ಒಡೆದದ್ದನ್ನು ಗುಡಿಸುವುದು, ಇದು ನನ್ನ ಘನವಾದ ಉದ್ಯೋಗ. ಹಡಗುಗಳು ಬರದೆ ಸೀಮೆ ಔಷಧಿಗಳು ಸಿಗದಂತಾದ ಮೇಲೆ ನಮ್ಮ ಸಸ್ಯಶಾಸ್ತ್ರದ ಮೇಷ್ಟ್ರಿಗೆ ಒಮ್ಮೆಲೇ ನಾಡಗಿಡಗಳ ಮೇಲೆ ಭಕ್ತಿ ಹುಟ್ಟಿತು. ಒಂದು ಬೇರನ್ನು ಹಿಡಿದು ಅದರ ಒಳಗಿನ ಕಟ್ಟಡವನ್ನೂ ಸತ್ವವನ್ನೂ ಪೂರ್ತಿ ನೋಡಿಬಿಡೋಣ ಎಂದರು. ನೋಡುವುದು ಎಂದರೆ ನಾನು ನೋಡುವುದು, ಅವರು ತಲೆಯಾಡಿಸುವುದು.

ಯಾವ ಬೇರು ಎಂದು ಹೆಚ್ಚು ಯೋಚಿಸಬೇಕಾಗಲಿಲ್ಲ. ಭದ್ರಾವತಿಯ ಹಳೆಯ ಊರಿನಲ್ಲಿ, ಹೊಳೆದಂಡೆಯ ಬೀದಿಯಲ್ಲಿ, ನಮ್ಮ ಅಪ್ಪ ನಾಟಿ ವೈದ್ಯ. ಹುಚ್ಚು ಕೆರಳಿದವರಿಗೆ, ನಿದ್ದೆಗೆಟ್ಟವರಿಗೆ ಅವನು ಕೊಡುತ್ತಿದ್ದ ಸರ್ಪಗಂಧಿಗೆ ತರೀಕೆರೆಯ ತನಕ ಹೆಸರಿತ್ತು. ನಾನು ಕೇಳಿದ್ದೇ ತಡ, ಒಂದು ಗಂಟು ಬೇರನ್ನು ತೊಳೆದು ಒರೆಸಿ ಬಟ್ಟೆಯಲ್ಲಿ ಕಟ್ಟಿಕೊಟ್ಟ.

"ನಿಮ್ಮ ಮೇಷ್ಟ್ರಿಗೆ ತೋರ್ಸು. ನಮ್ಮ ಬೇರು ಅಂದ್ರೆ ಏನು ಅಂತ ಗೊತ್ತಾಗ್ಲಿ" ಎಂದ. ಅವನ ಮುಖದಲ್ಲಿ ಹೆಮ್ಮೆ ಬಿಟ್ಟರೆ ಇನ್ನೇನೂ ಇರಲಿಲ್ಲ.

ಅಪ್ಪನಿಗೆ ಒಂದು ನೇಮವಿತ್ತು, ಅಜ್ಜನ ಕಾಲದಿಂದ ಬಂದದ್ದು. ಯಾವ ಔಷಧವನ್ನೇ ಆಗಲಿ, ರೋಗಿಯ ಕಣ್ಣೆದುರಿಗೇ ಮೊದಲು ತನ್ನ ನಾಲಿಗೆಗೆ ಹಚ್ಚಿಕೊಳ್ಳುವುದು. ವೈದ್ಯನ ನಾಲಿಗೆ ದಾಟದ್ದು ರೋಗಿಯ ನಾಲಿಗೆಗೆ ಹೋಗಬಾರದು ಎನ್ನುತ್ತಿದ್ದ. ಭೇದಿಗೆ ಕೊಡುವುದನ್ನೂ ನೆಕ್ಕುತ್ತಿದ್ದ. ಹಣೆಯ ತುಂಬ ವಿಭೂತಿ, ಬಾಯಿಯ ತುಂಬ ಬೈಗುಳ, ಕೈಯಲ್ಲಿ ಕಲ್ಬತ್ತು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ನಮ್ಮ ಅಪ್ಪನನ್ನು ನೋಡಿಯೇ ಕಟ್ಟಿರಬೇಕು.

ನಾಲಿಗೆಗೆ ಹಚ್ಚುವ ಆ ಅಭ್ಯಾಸ ನನಗೂ ಬಂದಿತ್ತು. ಬೇರನ್ನು ಕುಟ್ಟುವಾಗ, ಸೋಸುವಾಗ, ಸುಮ್ಮನಿದ್ದಾಗಲೂ ಒಂದು ಚೂರು ಬಾಯಿಗಿಡುತ್ತಿದ್ದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕಟ್ಟಿಗೆ ಸುಟ್ಟು ಇದ್ದಿಲು ಮಾಡುವಾಗಿನ ಹೊಗೆಯನ್ನು ತಣಿಸಿ ಸ್ಪಿರಿಟ್ ತೆಗೆಯುತ್ತಿದ್ದರಲ್ಲ, ಕಾರ್ಖಾನೆಯವರ ನ್ಯೂ ಟೌನಿನಲ್ಲಿದ್ದ ಒಬ್ಬ ಸ್ನೇಹಿತನ ದಯೆಯಿಂದ ಅದರದೊಂದು ಸೀಸೆ ಸಿಕ್ಕಿತ್ತು. ಕುಡಿದರೆ ಕಣ್ಣು ಹೋಗುವ ಪದಾರ್ಥ, ಆದರೆ ಬೇರಿನ ಸತ್ವ ಇಳಿಸುವುದಕ್ಕೆ ಬಹಳ ಒಳ್ಳೆಯದು. ಪುಡಿಯನ್ನು ಅದರಲ್ಲಿ ನೆನೆಹಾಕಿ, ಇಂಗಿಸಿ, ಉಳಿದ ಅಂಟಿಗೆ ತೆಳು ಆಮ್ಲ ಬೆರೆಸಿ, ಪಾದರಸದ ದ್ರಾವಣದ ಹನಿ ಬಿಟ್ಟರೆ ಒಡೆದ ಹಾಲಿನಂತೆ ಬೆಳ್ಳಗೆ ಗರಣೆ ಕಟ್ಟುತ್ತಿತ್ತು. ಆಲ್ಕಲಾಯ್ಡ್ ಎನ್ನುವ ಕಹಿ ಸತ್ವ ಇದೆ ಎನ್ನುವುದಕ್ಕೆ ಅದೇ ಸಾಕ್ಷಿ.

ಬೇರನ್ನು ಕ್ಷೌರದ ಕತ್ತಿಯಿಂದ ತೆಳ್ಳಗೆ ಹೆರೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಇನ್ನೂ ಚೆಂದ. ಹೊರಗಿನ ತೊಗಟೆಯ ಬೆಂಡಿನಲ್ಲಿ ಒಂದು ಪಟ್ಟಿ ಸಣ್ಣ ಕೋಶಗಳು, ಅದರ ಮೇಲೆ ಒಂದು ಪಟ್ಟಿ ದೊಡ್ಡ ಕೋಶಗಳು, ಮತ್ತೆ ಸಣ್ಣವು, ಮತ್ತೆ ದೊಡ್ಡವು. ಗಾರೆಯವನು ಇಟ್ಟಿಗೆಯನ್ನು ಒಂದು ಸಾಲು ಮಲಗಿಸಿ ಒಂದು ಸಾಲು ನಿಲ್ಲಿಸಿ ಕಟ್ಟಿದ ಗೋಡೆಯ ಹಾಗೆ. ಒಳಗೆಲ್ಲ ಪಿಷ್ಟದ ಕಾಳುಗಳು, ನಡುವೆ ನಕ್ಷತ್ರದಂತೆ ಬಿರುಕು. ಮುರಿದ ಬೇರಿಗೆ ನೈಟ್ರಿಕ್ ಆಮ್ಲ ಮುಟ್ಟಿಸಿದರೆ ರಕ್ತಗೆಂಪು ಗೆರೆಗಳು ಏಳುತ್ತವೆ. ಮೊದಲ ಸಲ ನೋಡಿದಾಗ ಸಂತೋಷದಿಂದ ಮೇಷ್ಟ್ರನ್ನು ಕೂಗಿ ಕರೆದಿದ್ದೆ. ಆ ಕೆಂಪು ಇನ್ನೊಂದು ಸಲ ಹೇಗೆ ಕಾಣಿಸಲಿದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಭಾನುವಾರದ ಊಟ ನನಗೆ ಅಕ್ಕನ ಮನೆಯಲ್ಲಿ. ಅವಳನ್ನು ಶಿವಮೊಗ್ಗದ ಅಡಿಕೆ ಮಂಡಿಯವರ ಮನೆಗೆ ಕೊಟ್ಟಿತ್ತು. ಭಾವ ಒಳ್ಳೆಯ ಮನುಷ್ಯ. ಮಂಡಿಯಲ್ಲಿ ಕೂತರೆ ಗಟ್ಟಿ, ಮನೆಯಲ್ಲಿ ಮೆತ್ತಗೆ. ಮನೆಯಲ್ಲಿ ಅವರಿಬ್ಬರೇ, ಮಕ್ಕಳಿರಲಿಲ್ಲ. ಯಾರು ಬಂದರೂ ಭಾವ ಹೆಂಡತಿಯನ್ನು ಹೊಗಳುತ್ತಿದ್ದ.

"ನಿಮ್ಮಕ್ಕನಂಥ ಸಮಾಧಾನದ ಹೆಂಗಸನ್ನ ನಾನು ನೋಡಿಲ್ಲ ಮಾರಾಯ. ಒಂದು ದಿನ ದನಿ ಎತ್ತಿಲ್ಲ."

ನಿಜವೇ. ಬೆಕ್ಕು ಹಾಲು ಚೆಲ್ಲಿದರೆ "ಇರ್ಲಿ ಬಿಡು" ಎನ್ನುತ್ತಿದ್ದಳು. ಅಗಸ ಸೀರೆ ಹರಿದು ತಂದರೆ "ಇರ್ಲಿ ಬಿಡು". ವರ್ಷವಿಡೀ ಅವಳಿಗೆ ಮೂಗು ಕಟ್ಟಿರುತ್ತಿತ್ತು, ಆ ಎರಡು ಮಾತು ಮೂಗಿನಿಂದಲೇ ಬರುತ್ತಿತ್ತು. ತುಂಗೆಯ ನೀರು ಅವಳ ಮೈಗೆ ಒಗ್ಗಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ನೀರಿಗೆ ಬಾಯಿಲ್ಲ, ಏನು ಹೇಳಿದರೂ ಹೊತ್ತುಕೊಳ್ಳುತ್ತದೆ.

ಆದರೆ ನಾನು ಕಂಡಿದ್ದ ಅಕ್ಕ ಬೇರೆ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಬಾಯಿ ಬೊಂಬಾಯಿ ಹುಡುಗಿ. ಕಾರ್ಖಾನೆಗೆ ಮರದ ದಿಮ್ಮಿ ಸಾಗಿಸುವ ಗಾಡಿಯವನೊಬ್ಬ ಏರಿನಲ್ಲಿ ಎತ್ತಿಗೆ ಬಡಿಯುತ್ತಿದ್ದಾಗ ಅವನ ಚಾವಟಿ ಕಿತ್ತುಕೊಂಡು ಹೊಳೆಗೆ ಎಸೆದಿದ್ದಳು. ಅವನು ತಮಿಳಿನವನು. ಬೈಗುಳ ಒಂದೂ ಅರ್ಥವಾಗದಿದ್ದರೂ ಕೈ ಮುಗಿದಿದ್ದ. ಹೆಣ್ಣು ನೋಡಲು ಬಂದವರು ಹಾಡು ಹೇಳಮ್ಮ ಎಂದಾಗ, "ನಾನು ಹೇಳ್ತೀನಿ, ಆಮೇಲೆ ಅವ್ರೂ ಒಂದು ಹೇಳ್ಲಿ" ಎಂದು ಗಂಡಿನ ಕಡೆ ಕೈ ತೋರಿಸಿದ್ದಳು. ಅವರು ಉಪ್ಪಿಟ್ಟನ್ನು ತಟ್ಟೆಯಲ್ಲೇ ಬಿಟ್ಟು ಎದ್ದಿದ್ದರು. ಅದಾದ ಮೇಲೆ ನಾನು ಓದಲು ಮೈಸೂರಿಗೆ ಹೋದೆ. ಅವಳ ಮದುವೆಗೆ ಬಂದಾಗ ಹಸೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ ಹೆಣ್ಣನ್ನು ನೋಡಿ, ವಯಸ್ಸಾದ ಮೇಲೆ ಹೆಣ್ಣು ತಾನಾಗಿ ಮಾಗುತ್ತಾಳೆ ಎಂದು ಹಿರಿಯರು ಹೇಳಿದ್ದನ್ನು ನಂಬಿದೆ. ಹಿರಿಯರು ಹೇಳಿದ್ದು ಬಿಟ್ಟು ಬೇರೆ ಕಾರಣ ಇರಬಹುದೆಂದು ಯಾರಿಗೆ ಹೊಳೆಯುತ್ತದೆ?

ಒಂದು ಭಾನುವಾರ ಅಡುಗೆಮನೆಯಲ್ಲಿ ಎರಡು ಲೋಟ ಹಾಲು ಇಟ್ಟಿದ್ದಳು, ನನ್ನದೊಂದು, ಅವಳದೊಂದು. ಮಾತಾಡುತ್ತ ನಾನು ಅವಳ ಲೋಟ ಎತ್ತಿಕೊಂಡು ಕುಡಿದೆ. ಬೆಲ್ಲ ಹಾಕಿದ ಹಾಲು. ಮೊದಲು ಸಿಹಿ. ಆಮೇಲೆ ನಾಲಿಗೆಯ ಹಿಂಬದಿಯಲ್ಲಿ ಅದು ಬಂದು ಕೂತಿತು.

ಇಲ್ಲ, ನನ್ನ ಬೆರಳಿಗೆ ಅಂಟಿದ್ದ ಪುಡಿಯೇ ಇರಬೇಕು ಎಂದುಕೊಂಡೆ. ಬೆರಳು ನೆಕ್ಕಿದೆ, ಅದರಲ್ಲಿ ಏನೂ ಇರಲಿಲ್ಲ. ಮತ್ತೊಂದು ಗುಟುಕು ಕುಡಿದೆ. ಅದೇ.

"ಇದರಲ್ಲಿ ಏನು ಹಾಕಿದ್ಯೇ ಅಕ್ಕಾ?"

"ಪುಷ್ಟಿ ಪುಡಿ. ಮದ್ವೆಗೆ ಮುಂಚಿಂದ್ಲೂ ಕುಡೀತಿದೀನಲ್ಲ. ಅಪ್ಪ ಕಳಿಸ್ತಾನೆ" ಎಂದಳು. ಗೂಡಿನಲ್ಲಿದ್ದ ತಗಡಿನ ಡಬ್ಬಿ ತೋರಿಸಿ, ನಾನು ಕುಡಿದುಬಿಟ್ಟದ್ದಕ್ಕೆ ಇನ್ನೊಂದು ಲೋಟ ಕಲಸಿಕೊಂಡು, ಮುಖ ಸಿಂಡರಿಸದೆ ಕುಡಿದಳು. ತಡೆಯಬೇಕು ಎನ್ನುವಷ್ಟೂ ನನಗೆ ದಿಕ್ಕು ತೋಚಲಿಲ್ಲ. ಹೊರಡುವಾಗ ಒಂದು ಚಿಟಿಕೆ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡೆ.

ಮಾರನೆಯ ದಿನ ಪ್ರಯೋಗಶಾಲೆಯಲ್ಲಿ ದೇವರನ್ನು ಬೇಡಿಕೊಳ್ಳುತ್ತಲೇ ಗಾಜಿನ ಮೇಲೆ ಪುಡಿ ಹರಡಿದೆ. ಬೇರೆ ಏನಾದರೂ ಆಗಿರಲಿ, ಅಶ್ವಗಂಧವಾಗಿರಲಿ, ಶತಾವರಿಯಾಗಿರಲಿ. ಕಣ್ಣಿಟ್ಟು ನೋಡಿದೆ. ಪುಡಿಯಾಗಿದ್ದರೂ ಬೆಂಡಿನ ಪ್ರತಿ ಚೂರಿನಲ್ಲೂ ಅದೇ ಗೋಡೆ: ಒಂದು ಪಟ್ಟಿ ಸಣ್ಣ ಕೋಶ, ಒಂದು ಪಟ್ಟಿ ದೊಡ್ಡ ಕೋಶ. ಪಿಷ್ಟದ ಕಾಳುಗಳ ನಡುವೆ ಅದೇ ನಕ್ಷತ್ರ. ಉಳಿದ ಪುಡಿಯನ್ನು ಪಿಂಗಾಣಿ ಬಟ್ಟಲಿಗೆ ಸುರಿದು ಆಮ್ಲದ ಹನಿ ಬಿಟ್ಟೆ. ಬಿಳಿ ಬಟ್ಟಲಿನಲ್ಲಿ ಕೆಂಪು ಎದ್ದಿತು. ನನ್ನ ಅಕ್ಕನನ್ನೇ ಯಾರೋ ಕೊಯ್ದು ಬಟ್ಟಲಿನಲ್ಲಿಟ್ಟಂತೆ ಕಂಡಿತು. ಮೇಷ್ಟ್ರು ಬಂದು ಇಣುಕಿ "ಭೇಷ್, ಒಳ್ಳೆ ಬಣ್ಣ ಬಂದಿದೆ" ಎಂದರು. ಅವರ ತಪ್ಪೇನಿಲ್ಲ, ಆದರೂ ಅವರನ್ನು ಕಂಡು ಮೈ ಉರಿಯಿತು.

ಸಂಜೆಯ ರೈಲಿಗೆ ಭದ್ರಾವತಿಗೆ ಹೋದೆ. ಅಪ್ಪ ಪಡಸಾಲೆಯಲ್ಲಿ ಮಾತ್ರೆ ಉರುಳಿಸುತ್ತಿದ್ದ. ದಾರಿಯುದ್ದಕ್ಕೂ ನಾನು ಅವನ ಪರವಾಗಿ ವಾದ ಹೂಡಿಕೊಂಡು ಬಂದಿದ್ದೆ. ಡಬ್ಬಿ ಅದಲುಬದಲಾಗಿರಬೇಕು, ಕಣ್ಣು ಮಂಜಾಗಿರಬೇಕು, ಹೀಗೆ. ಅವನು ಒಂದೇ ಮಾತಿನಲ್ಲಿ ನನ್ನ ವಾದವನ್ನೆಲ್ಲ ಮಣ್ಣುಮಾಡಿದ.

"ಹೌದು, ನಾನೇ ಕೊಡೋದು. ಏನೀಗ?"

"ಅವಳಿಗೆ ಏನು ಹುಚ್ಚಾ ಅಪ್ಪಾ?"

"ಸಿಟ್ಟೂ ಒಂಥರಾ ಹುಚ್ಚೇ ಕಣೋ. ಬಂದ ಗಂಡೆಲ್ಲ ಎದ್ದು ಹೋಗ್ತಿದ್ರೆ ಇನ್ನೇನು ಮಾಡ್ಬೇಕಿತ್ತು? ತಾಯಿಲ್ಲದ ಹುಡುಗಿ. ನಾನು ಸತ್ರೆ ಅವಳಿಗೆ ಯಾರು? ಈಗ ನೋಡು, ಹೂವಿನ ಹಾಗೆ ಸಂಸಾರ ಮಾಡ್ತಿದಾಳೆ. ಅಳಿಯ ಹೊಗಳ್ತಾನೆ. ಕೆಟ್ಟದ್ದು ಏನಾಗಿದೆ ಹೇಳು."

ಅಳುಕಿಲ್ಲ, ಅಡಗಿಸುವುದೂ ಇಲ್ಲ. ಮಗಳಿಗೆ ಒಳ್ಳೆಯ ಮನೆ ಹುಡುಕಿಕೊಟ್ಟ ತೃಪ್ತಿಯೇ ಅವನ ದನಿಯಲ್ಲಿತ್ತು. ಕದ್ದು ಮಾಡಿದ್ದರೆ ಬೈಯಬಹುದಿತ್ತು, ಪ್ರೀತಿಯಿಂದ ಮಾಡಿದ್ದಕ್ಕೆ ಏನೆನ್ನಬೇಕೋ ನನಗೆ ತಿಳಿಯಲಿಲ್ಲ.

"ಮತ್ತೆ ಅದೇ ಬೇರನ್ನ ನನ್ನ ಕೈಗೆ ಯಾಕೆ ಕೊಟ್ಟೆ?"

"ನೀನು ಬೇರು ನೋಡ್ತೀಯ ಅಂದ್ಕೊಂಡಿದ್ದೆ. ಮನೆ ಒಳಗೆ ನೋಡ್ತೀಯ ಅಂದ್ಕೊಳ್ಲಿಲ್ಲ."

ಆಗ ನನಗೆ ಅಜ್ಜನ ನೇಮ ನೆನಪಾಯಿತು. "ಅವಳಿಗೆ ಕೊಡೋಕೆ ಮುಂಚೆ ಅವಳೆದುರಿಗೆ ನೆಕ್ಕಿದ್ಯಾ ಅಪ್ಪಾ?" ಎಂದು ಕೇಳಿದೆ. ಅಪ್ಪ ಉರುಳಿಸುತ್ತಿದ್ದ ಮಾತ್ರೆ ಬೆರಳಲ್ಲೇ ಚಪ್ಪಟೆಯಾಯಿತು.

ಶಿವಮೊಗ್ಗಕ್ಕೆ ಬಂದು ಅಕ್ಕ, ಭಾವ ಇಬ್ಬರನ್ನೂ ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಹಾಗಾದ್ರೆ ಇಷ್ಟು ವರ್ಷ ನಾನು ಹೊಗಳಿದ್ದು ಯಾರನ್ನ? ಇವಳನ್ನೋ ಪುಡೀನೋ?" ಎಂದ ಭಾವ.

ನಾನು ಅಕ್ಕನ ಮುಖ ನೋಡಿದೆ. ಚೀರುತ್ತಾಳೆ, ಅಳುತ್ತಾಳೆ, ಡಬ್ಬಿ ಎತ್ತಿ ಬಿಸಾಡುತ್ತಾಳೆ ಎಂದು ಕಾದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇರ್ಲಿ ಬಿಡು" ಎಂದಳು. "ಅಪ್ಪ ತಾನೆ."

ಬಟ್ಟಲಿನ ಕೆಂಪು ಕಂಡಾಗಲೂ ನಾನು ಅಷ್ಟು ಹೆದರಿರಲಿಲ್ಲ. ತಾನು ಎನ್ನುವುದನ್ನೇ ಅಪ್ಪ ಇಲ್ಲದ ಹಾಗೆ ಮಾಡಿದ ಸುದ್ದಿ ಕೇಳಿಯೂ ಹಾಗೆ ಹೇಳಿದಳು. ಹೇಳಿದ್ದು ಅಕ್ಕನಲ್ಲ, ಬೇರು. ನಾನು ಎದ್ದು ಹೋಗಿ ಬಚ್ಚಲಲ್ಲಿ ನಿಂತು ಅತ್ತುಬಿಟ್ಟೆ.

ಭಾವ ಡಬ್ಬಿಯನ್ನು ಮಂಡಿಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಹಾಲು ಬರೀ ಹಾಲಾಯಿತು. ಮೊದಮೊದಲು ಏನೂ ಆಗಲಿಲ್ಲ. ಆ ಸತ್ವ ಮೈಗೆ ನಿಧಾನವಾಗಿ ಏರುತ್ತದೆ, ಇನ್ನೂ ನಿಧಾನವಾಗಿ ಇಳಿಯುತ್ತದೆ. ಒಂದು ಭಾನುವಾರ ಹೋದಾಗ ಅವಳು ಒಲೆಯ ಮುಂದೆ ಕಣ್ಣು ಮುಚ್ಚಿ ನಿಂತಿದ್ದಳು. "ಇಂಗಿನ ವಾಸನೆ ಬರ್ತಿದೆ ಕಣೋ" ಎಂದಳು. ಕಟ್ಟಿದ್ದ ಮೂಗು ಬಿಟ್ಟಿತ್ತು, ಆ ವಾಸನೆಯನ್ನೇ ಮರೆತಿದ್ದಳಂತೆ. ಇನ್ನೊಂದು ಭಾನುವಾರ ಬಾಗಿಲಿಗೆ ಬರುವಾಗಲೇ ಒಳಗಿನಿಂದ ಹೆಂಗಸಿನ ದನಿ ಕೇಳಿ, ಯಾರೋ ನೆಂಟರು ಬಂದು ಜಗಳ ತೆಗೆದಿದ್ದಾರೆ ಎಂದುಕೊಂಡೆ. ಹೋಗಿ ನೋಡಿದರೆ ಅಕ್ಕ. ಸುಣ್ಣ ಬಳಿದ ಗೋಡೆಗೆ ಭಾವ ಎಲೆಅಡಿಕೆ ಉಗಿದಿದ್ದ. "ಇದೇನು ಮನೆಯೋ, ನಿಮ್ಮ ಮಂಡಿ ಸಂದಿಯೋ?" ಎಂದು ಪೊರಕೆ ಹಿಡಿದು ನಿಂತಿದ್ದಳು. ಆ ದನಿಯನ್ನು ನಾನೂ ಮರೆತುಬಿಟ್ಟಿದ್ದೆ. ಕೇಳಿ ನಗು ಉಕ್ಕಿತು.

ಭಾವ ನನ್ನನ್ನು ಜಗಲಿಗೆ ಎಳೆದುಕೊಂಡು ಬಂದು ಪಿಸುಗುಟ್ಟಿದ: "ಹಿಂಗೇ ಇರ್ತಾಳಾ ಇನ್ಮೇಲೆ?"

"ಮುಂಚೆ ಹೀಗೇ ಇದ್ಲು ಭಾವ."

ಭಾವ ಪಂಚೆ ಎತ್ತಿ ಕಟ್ಟಿ, "ಗೋಡೆ ನಾನೇ ತೊಳೀತೀನಿ" ಎಂದು ಒಳಗೆ ಹೋದ. ಅವನ ಮೇಲಿನ ಗೌರವ ನನಗೆ ಆವತ್ತು ಇಮ್ಮಡಿಯಾಯಿತು.

ಬಾಕಿ ಇದ್ದ ಸಿಟ್ಟೆಲ್ಲ ಹೀಗೆ ಚಿಲ್ಲರೆಯಾಗಿ ಬಂದು ಮುಗಿದ ಮೇಲೆ, ದೊಡ್ಡದು ಬಂತು. ಅದು ಬಂದಾಗ ಅವಳು ಕೂಗಲಿಲ್ಲ. "ಅಪ್ಪನ್ನ ಕರ್ಕೊಂಡು ಬಾ" ಎಂದಳು, ಅಷ್ಟೇ.

ಅಪ್ಪ ಬಂದ. ಒಣಗಿಸಲು ಹಾಕಬೇಕಾದ ಬೇರುಗಳ ಗಂಟನ್ನೂ ಕಂಕುಳಲ್ಲಿಟ್ಟುಕೊಂಡೇ ಬಂದಿದ್ದ. ಅಕ್ಕ ಅವನಿಗೆ ಕಾಲಿಗೆ ನೀರು ಕೊಟ್ಟಳು, ಮಣೆ ಹಾಕಿದಳು, ಒಂದು ಲೋಟ ಹಾಲು ತಂದು ಮುಂದಿಟ್ಟಳು. ಪಕ್ಕದಲ್ಲಿ, ಮಂಡಿಯಿಂದ ಭಾವನ ಕೈಲಿ ತರಿಸಿಕೊಂಡಿದ್ದ ತಗಡಿನ ಡಬ್ಬಿ ಇಟ್ಟಳು.

"ಕುಡಿ ಅಪ್ಪ. ವೈದ್ಯನ ನಾಲಿಗೆ ದಾಟ್ಬೇಕಲ್ಲ."

ಅಪ್ಪ ನನ್ನ ಕಡೆ ನೋಡಿದ, ಭಾವನ ಕಡೆ ನೋಡಿದ. ನಾವಿಬ್ಬರೂ ಗೋಡೆ ನೋಡಿದೆವು. ಅಪ್ಪ ಲೋಟ ಎತ್ತಿ ಗಟಗಟ ಕುಡಿದು ಕೆಳಗಿಟ್ಟ.

"ಆಯ್ತಾ?"

"ಇಲ್ಲ. ಒಂದು ಸಲಕ್ಕೆ ಇದು ಏನೂ ಅಲ್ಲ, ನಿನಗೇ ಗೊತ್ತು. ನೀನು ಇಲ್ಲೇ ಇರು. ದಿನಾ ಕುಡಿ."

"ಎಷ್ಟು ದಿನ?"

"ನಿನಗೆ ಬೈಯೋ ಮನಸ್ಸು ಹೋಗೋ ತನಕ."

ಅಪ್ಪ ಎದ್ದು ಹೊರಡುತ್ತಾನೆ ಎಂದುಕೊಂಡೆ. ಯಾರ ಮಾತನ್ನೂ ಕೇಳಿದವನಲ್ಲ. ಆದರೆ ನೇಮ ತಪ್ಪಿದ್ದು ಅವನಿಗೂ ಒಳಗೊಳಗೆ ಚುಚ್ಚುತ್ತಿತ್ತೇನೋ. "ಆಗ್ಲಿ, ನೋಡೇಬಿಡೋಣ. ನನಗೇನಾಗುತ್ತೆ?" ಎಂದು ಪಂಚೆ ಕೊಡವಿ ಕೂತ. ದಿನವೂ ಬೆಳಿಗ್ಗೆ ಅವಳು ಕಲಸಿಕೊಟ್ಟಳು, ಅವನು ಕುಡಿದ. ಮೊದಲಿಗೆ ಕಾಫಿ ನೀರಾಗಿದೆ, ಸಾರಿಗೆ ಉಪ್ಪಿಲ್ಲ, ಈ ಬೀದಿಯವರಿಗೆ ಬುದ್ಧಿಯಿಲ್ಲ ಎಂದು ಬೈಯುತ್ತಲೇ ಇದ್ದ. ನಾನು ಹೋದಾಗಲೆಲ್ಲ "ನೋಡೋ, ಏನಾಗಿದೆ ನನಗೆ?" ಎಂದು ಸವಾಲು ಹಾಕುತ್ತಿದ್ದ. ಆಮೇಲೊಂದು ಸಲ ಹೋದಾಗ ಸವಾಲು ಹಾಕಲಿಲ್ಲ. ಮೂಗು ಕಟ್ಟಿತ್ತು. ಅಕ್ಕ ಬೇಕೆಂದೇ ಸಾರಿಗೆ ಉಪ್ಪು ಬಿಟ್ಟಿದ್ದಳು. ಅಪ್ಪ ಸುಮ್ಮನೆ ಕಲಸಿ ಉಂಡ.

ಮುಂದಿನ ಭಾನುವಾರ ಬೆಳಿಗ್ಗೆ ನಾನು ಹೋದಾಗ ಅವನು ಜಗಲಿಯ ಮೇಲೆ ಕೂತಿದ್ದ. ಅಂಗಳದಲ್ಲಿ ಮೊರದ ತುಂಬ ಅವನ ಬೇರುಗಳು ಬಿಸಿಲಿಗೆ ಒಣಗುತ್ತಿದ್ದವು. ಬೀದಿಯ ಹಸುವೊಂದು ಬಂದು ಮೊರಕ್ಕೆ ಬಾಯಿ ಹಾಕಿತು. ಔಷಧಿಯ ಹತ್ತಿರ ನೆರಳು ಬಿದ್ದರೂ ಹಾರಾಡುತ್ತಿದ್ದ ನನ್ನ ಅಪ್ಪ ಅದು ತಿನ್ನುವುದನ್ನು ನೋಡುತ್ತ ಕೂತಿದ್ದ. ಅಕ್ಕ ಹಾಲಿನ ಲೋಟ ಹಿಡಿದು ಹೊರಗೆ ಬಂದವಳು ಹೊಸ್ತಿಲಲ್ಲೇ ನಿಂತಳು.

"ಅಪ್ಪಾ, ಹಸು! ಓಡಿಸ್ಬಾರ್ದಾ?"

ಅಪ್ಪ ತಲೆ ತಿರುಗಿಸಿದ. ಮೂಗಿನಿಂದ ದನಿ ಬಂತು.

"ಇರ್ಲಿ ಬಿಡು."

ಅಕ್ಕನ ಮುಖ ಬಿಳಿಚಿಕೊಂಡಿತು. ತನ್ನ ಮಾತನ್ನು ಇನ್ನೊಬ್ಬರ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. ಲೋಟವನ್ನು ಅಂಗಳಕ್ಕೆ ಎತ್ತಿ ಎಸೆದಳು. ಹಸು ಬೆದರಿ ಓಡಿತು. ಅವಳು ಅಪ್ಪನ ಎರಡೂ ಭುಜ ಹಿಡಿದು ಅಲುಗಾಡಿಸಿದಳು.

"ಬೈಯೋ ಅಪ್ಪ! ಹಾಲು ಚೆಲ್ಲಿದೀನಿ ನೋಡು, ಲೋಟ ನಗ್ಗಿಸಿದೀನಿ. ನನ್ನ ಬೈಯಿ!"

ಅಪ್ಪನ ಬಾಯಿ ತೆರೆಯಿತು. ಬೈಗುಳ ಹುಡುಕುತ್ತಿದ್ದ, ನನಗೆ ಕಾಣುತ್ತಿತ್ತು. ಸಿಗಲಿಲ್ಲ. ಅವನ ಕಣ್ಣು ಮಾತ್ರ ತುಂಬಿತು.

"ಹಿಂಗೇ ಇತ್ತೇನೇ ನಿಂಗೆ?" ಎಂದ. "ಇಷ್ಟು ವರ್ಷಾನೂ ಹಿಂಗೇ ಇತ್ತಾ?"

"ಹೂಂ ಅಪ್ಪ" ಎಂದಳು ಅಕ್ಕ. "ಹಿಂಗೇ ಇತ್ತು."